ಖರ್ಚು ಕಾಣುತ್ತೆ, ಲಾಭ ಕಾಣಲ್ಲ: ಮನೆಯಲ್ಲಿರೋ ಬಿಪಿ ಮಾತ್ರೆಯ ಲೆಕ್ಕ

ಭಾಗ 1/9

ನಿಮ್ಮ ಮನೇಲಿ ಫ್ರಿಜ್ ಮೇಲೋ ಟಿವಿ ಪಕ್ಕದಲ್ಲೋ ಒಂದು ಹಳೇ ಸ್ವೀಟ್ ಬಾಕ್ಸ್ ಇದ್ದೇ ಇರುತ್ತೆ. ಒಳಗೆ ಸ್ವೀಟ್ ಇರಲ್ಲ, ಮಾತ್ರೆ ಇರುತ್ತೆ. ಅಪ್ಪಂದು, ಅಮ್ಮಂದು, ಅಜ್ಜಿದು, ಎಲ್ಲ ಒಟ್ಟಿಗೆ. ಬೆಳಿಗ್ಗೆ ತಿಂಡಿ ಆದ್ಮೇಲೆ "ಆ ಬಿಳೀದು ಒಂದು, ಗುಲಾಬಿದು ಅರ್ಧ" ಅಂತ ಬಣ್ಣದ ಲೆಕ್ಕದಲ್ಲಿ ನುಂಗ್ತಾರೆ. ಯಾವ ಮಾತ್ರೆ ಏನು ಮಾಡುತ್ತೆ ಅಂತ ಕೇಳಿದ್ರೆ ಉತ್ತರ ಒಂದೇ: "ಬಿಪಿಗೆ ಕಣೋ."

ಆಮೇಲೆ ಒಂದಿನ ಸದ್ದಿಲ್ಲದೆ ಮಾತ್ರೆ ನಿಲ್ಲುತ್ತೆ. "ಅದು ತಗೊಂಡ್ರೆ ಕಾಲು ಊದುತ್ತೆ", "ತಲೆ ಸುತ್ತುತ್ತೆ", "ಈಗ ಬಿಪಿ ನಾರ್ಮಲ್ ಇದೆ, ಇನ್ಯಾಕೆ?" ಡಾಕ್ಟರಿಗೆ ಹೇಳಲ್ಲ, ಬೈತಾರೆ ಅಂತ ಭಯ. ಮನೆಯವರಿಗೂ ಹೇಳಲ್ಲ.

ನಾನು ಬಿಕಾಂ ಓದ್ತಿರೋನು, ಡಾಕ್ಟರ್ ಅಲ್ಲ. ಆದ್ರೆ ಇದನ್ನ ನೋಡಿದಾಗೆಲ್ಲ ನನಗೆ ಲೆಡ್ಜರ್ ನೆನಪಾಗುತ್ತೆ. ಬಿಪಿ ಇದ್ದಾಗ ನೋವಿಲ್ಲ, ಜ್ವರ ಇಲ್ಲ, ಏನೂ ಇಲ್ಲ. ಮಾತ್ರೆ ಶುರು ಮಾಡಿದ ಮೇಲೆ ಕೆಮ್ಮು ಬಂತು, ಊತ ಬಂತು. ಅಂದ್ರೆ ಖರ್ಚಿನ ಕಡೆ ದಿನಾ ಎಂಟ್ರಿ ಬೀಳ್ತಾ ಇದೆ. ಲಾಭದ ಕಡೆ ಏನು ಬರೀತೀರಾ? "ಇವತ್ತು ಲಕ್ವ ಹೊಡೀಲಿಲ್ಲ" ಅಂತ ಯಾರೂ ಡೈರಿಯಲ್ಲಿ ಬರೆಯಲ್ಲ. ಒಂದೇ ಕಡೆ ಎಂಟ್ರಿ ಇರೋ ಖಾತೆ ನೋಡಿದ್ರೆ ಯಾರಾದ್ರೂ ಅಂಗಡಿ ಮುಚ್ಚೋಣ ಅಂತಾನೇ ಹೇಳೋದು.

ನನ್ನ ಅಭಿಪ್ರಾಯ ಇಷ್ಟೇ. ಅಡ್ಡ ಪರಿಣಾಮಗಳನ್ನ ಮುಚ್ಚಿಟ್ರೆ ಮಾತ್ರೆ ನಿಲ್ಲುತ್ತೆ, ಬಿಡಿಸಿ ಹೇಳಿದ್ರೆ ಮುಂದುವರಿಯುತ್ತೆ. ಬಿಡಿಸಿ ಹೇಳೋ ಕೆಲಸ ಡಾಕ್ಟರ್ ಒಬ್ಬರದ್ದೇ ಅಲ್ಲ, ಸ್ಟ್ರಿಪ್ ಹಿಂದಿರೋ ಇಂಗ್ಲಿಷ್ ಓದೋಕೆ ಬರೋ ನಮ್ಮದೂ ಹೌದು. ಮುಂದಿನ ಎಂಟು ಪೋಸ್ಟ್ ಅದಕ್ಕೇ. ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ.

ಭಾಗ 2/9

ಮೊದಲು ಲಾಭದ ಕಡೆ ನೋಡೋಣ, ಯಾಕಂದ್ರೆ ಕಾಣದೇ ಇರೋದು ಅದೇ.

ಬಿಪಿ ಅಂದ್ರೆ ರಕ್ತ ನಾಳದ ಗೋಡೆ ಮೇಲೆ ಹಾಕೋ ಒತ್ತಡ. ಮೇಲಿನ ಸಂಖ್ಯೆ ಹೃದಯ ಹಿಂಡಿದಾಗಿನದ್ದು, ಕೆಳಗಿನದ್ದು ಎರಡು ಬಡಿತದ ನಡುವೆ ಹೃದಯ ಸಡಿಲ ಆದಾಗಿನದ್ದು. ಕ್ಲಿನಿಕ್‌ನಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಹೈ ಬಿಪಿ ಅಂತಾರೆ. ಒಂದು ಸಲ ಜಾಸ್ತಿ ಬಂದ ತಕ್ಷಣ ಹಣೆಪಟ್ಟಿ ಕಟ್ಟಲ್ಲ.

ಈ ಒತ್ತಡ ಒಂದೇ ದಿನಕ್ಕೆ ಏನೂ ಮಾಡಲ್ಲ. ನಮ್ಮ ಸಬ್ಜೆಕ್ಟ್‌ನಲ್ಲಿ ಡೆಪ್ರಿಸಿಯೇಶನ್ ಅಂತೀವಲ್ಲ, ಹಾಗೆ. ಮೆಷಿನ್ ಓಡ್ತಾನೇ ಇರುತ್ತೆ, ಒಳಗೆ ಸವೀತಾನೇ ಇರುತ್ತೆ. ನಾಳದ ಒಳಗೋಡೆ ಗಡುಸಾಗುತ್ತೆ, ಹೃದಯದ ಮಾಂಸ ದಪ್ಪ ಆಗುತ್ತೆ, ಕಿಡ್ನಿಯ ಸಣ್ಣ ಸಣ್ಣ ಸೋಸುಕಗಳು ಹಾಳಾಗುತ್ವೆ, ಕಣ್ಣಿನ ಹಿಂದಿನ ನಾಳಗಳು ಕೆಡುತ್ವೆ. ಗೊತ್ತಾಗೋ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತೆ.

ಮಾತ್ರೆ ಇಲ್ಲದ ಕಾಲ ಹೇಗಿತ್ತು? ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನೇ ನೋಡಿ. 1944ರ ಮಾರ್ಚ್‌ನಲ್ಲಿ ಅವರ ಬಿಪಿ 186/108 ಇತ್ತು. ಆಗಿನ ಅತಿ ದೊಡ್ಡ ದೇಶದ ಅತಿ ದೊಡ್ಡ ಡಾಕ್ಟರುಗಳು ಪಕ್ಕದಲ್ಲೇ ಇದ್ದರು. ಕೊಡೋಕೆ ಸರಿಯಾದ ಬಿಪಿ ಮಾತ್ರೆನೇ ಇರಲಿಲ್ಲ. ವಿಶ್ರಾಂತಿ ತಗೊಳ್ಳಿ, ಉಪ್ಪು ಕಡಿಮೆ ಮಾಡಿ, ಸಿಗರೇಟ್ ಕಡಿಮೆ ಮಾಡಿ ಅಂದರು, ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. 1945ರ ಏಪ್ರಿಲ್ 12ರಂದು "ತಲೆ ತುಂಬಾ ನೋಯ್ತಿದೆ" ಅಂದವರು ಮೆದುಳಲ್ಲಿ ರಕ್ತಸ್ರಾವ ಆಗಿ ತೀರ್ಕೊಂಡರು. ಅವತ್ತು ಅಳೆದ ಬಿಪಿ 300/190.

ಇವತ್ತು ನಮ್ಮೂರ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಮಾತ್ರೆ ಅವತ್ತು ಅಮೆರಿಕದ ಅಧ್ಯಕ್ಷರಿಗೂ ಸಿಗಲಿಲ್ಲ. ಲಾಭದ ಕಡೆ ಬರೀಬೇಕಾದ ಮೊದಲ ಎಂಟ್ರಿ ಇದು.

ಇದು ದೊಡ್ಡವರ ಕಾಯಿಲೆ ಅಂತ ಸ್ಕ್ರಾಲ್ ಮಾಡಬೇಡಿ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟ ಆಯ್ತು. ಅದರ ಪ್ರಕಾರ ನಮ್ಮ ದೇಶದಲ್ಲಿ 20 ವರ್ಷ ಮೇಲ್ಪಟ್ಟವರಲ್ಲಿ 35.5 ಪರ್ಸೆಂಟ್ ಜನಕ್ಕೆ ಹೈ ಬಿಪಿ ಇದೆ. 20 ವರ್ಷ ಅಂದ್ರೆ ನಮ್ಮ ಕ್ಲಾಸೂ ಆ ಲೆಕ್ಕದ ಒಳಗೇ ಬರುತ್ತೆ.

ಭಾಗ 3/9

ಈಗ ಡಬ್ಬಿ ತೆಗೆಯೋಣ. ಸ್ಟ್ರಿಪ್ ಮೇಲೆ ದೊಡ್ಡದಾಗಿ ಇರೋದು ಕಂಪನಿ ಇಟ್ಟ ಹೆಸರು, ಅದನ್ನ ಬಿಡಿ. ಅದರ ಹತ್ತಿರ ಇರೋ ಔಷಧಿಯ ನಿಜವಾದ ಹೆಸರು ಓದಿ. ತುಂಬಾ ಮನೆಗಳಲ್ಲಿ ಸಿಗೋ ಹೆಸರು "ಆಮ್ಲೋಡಿಪಿನ್".

ಕೆಲಸ ಹೇಗೆ ಮಾಡುತ್ತೆ? ನಮ್ಮ ರಕ್ತನಾಳ ಪ್ಲಾಸ್ಟಿಕ್ ಪೈಪ್ ಅಲ್ಲ. ಅದರ ಗೋಡೆಯಲ್ಲಿ ಸ್ನಾಯು ಇದೆ. ಸ್ನಾಯು ಬಿಗಿ ಆಗಬೇಕಾದ್ರೆ ಜೀವಕೋಶದ ಒಳಗೆ ಕ್ಯಾಲ್ಸಿಯಂ ನುಗ್ಗಬೇಕು. ಆಮ್ಲೋಡಿಪಿನ್ ಆ ಕ್ಯಾಲ್ಸಿಯಂ ಬರೋ ಬಾಗಿಲನ್ನ ಮುಚ್ಚುತ್ತೆ. ಸ್ನಾಯು ಸಡಿಲ ಆಗುತ್ತೆ, ನಾಳ ಅಗಲ ಆಗುತ್ತೆ, ಒತ್ತಡ ಇಳಿಯುತ್ತೆ. (ಮೂಳೆಯ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧ ಇಲ್ಲ. ಹಾಲು ಕುಡಿಯೋದು ನಿಲ್ಲಿಸಬೇಕಾಗಿಲ್ಲ.)

ಇದರ ಪ್ರಸಿದ್ಧ ಅಡ್ಡ ಪರಿಣಾಮ ಕಾಲು ಊದೋದು. ಕಾಲ್ಗೆಜ್ಜೆ ಕಟ್ಟೋ ಜಾಗದಲ್ಲಿ, ಸಂಜೆ ಹೊತ್ತು ಜಾಸ್ತಿ. "ಕಿಡ್ನಿ ಹೋಯ್ತು" ಅಂತ ಮನೆಯವರೆಲ್ಲ ಹೆದರೋದು ಇಲ್ಲೇ. ಕಾರಣ ಹೀಗಿದೆ: ಈ ಮಾತ್ರೆ ರಕ್ತ ಒಳಗೆ ತರೋ ಸಣ್ಣ ನಾಳಗಳನ್ನ ಅಗಲ ಮಾಡುತ್ತೆ, ವಾಪಸ್ ತಗೊಂಡು ಹೋಗೋ ನಾಳಗಳನ್ನ ಅಷ್ಟು ಅಗಲ ಮಾಡಲ್ಲ. ಬರೋ ರಸ್ತೆ ನಾಲ್ಕು ಲೇನ್, ಹೋಗೋ ರಸ್ತೆ ಎರಡೇ ಲೇನ್. ನಡುವೆ ಜಾಮ್ ಆಗಿ ನಾಳದಿಂದ ನೀರಿನಂಶ ಪಕ್ಕಕ್ಕೆ ಜಿನುಗುತ್ತೆ, ಭೂಮಿಯ ಸೆಳೆತಕ್ಕೆ ಪಾದದ ಕಡೆ ಇಳಿಯುತ್ತೆ. ಡೋಸ್ ಜಾಸ್ತಿ ಆದಷ್ಟೂ ಊತ ಜಾಸ್ತಿ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತ ಅಲ್ಲ ಇದು. ಅದಕ್ಕೇ ಮೂತ್ರ ಹೋಗಿಸೋ ಮಾತ್ರೆ ಕೊಟ್ರೂ ಅಷ್ಟಾಗಿ ಇಳಿಯಲ್ಲ.

ಪರಿಹಾರ ಇದೆ. ಡಾಕ್ಟರ್ ಡೋಸ್ ಇಳಿಸ್ತಾರೆ, ಇಲ್ಲಾಂದ್ರೆ ಮುಂದಿನ ಭಾಗದಲ್ಲಿ ಬರೋ "ಸಾರ್ಟಾನ್" ಜಾತಿಯ ಮಾತ್ರೆ ಜೊತೆಗೆ ಸೇರಿಸ್ತಾರೆ. ಅದು ವಾಪಸ್ ಹೋಗೋ ರಸ್ತೆಯನ್ನೂ ಅಗಲ ಮಾಡೋದ್ರಿಂದ ಊತ ಕಮ್ಮಿ ಆಗುತ್ತೆ. ಅಥವಾ ಮಾತ್ರೆನೇ ಬದಲಾಯಿಸ್ತಾರೆ. ಆದ್ರೆ ಊತ ಇದೆ ಅಂತ ಅವರಿಗೆ ಗೊತ್ತಾದ್ರೆ ತಾನೇ? ಹೃದಯ ಅಥವಾ ಕಿಡ್ನಿ ತೊಂದರೆಯಿಂದಲೂ ಕಾಲು ಊದಬಹುದು. ಅದಕ್ಕೇ "ಮಾತ್ರೆದೇ ಬಿಡು" ಅಂತ ನಾವೇ ತೀರ್ಮಾನ ಮಾಡೋದೂ ತಪ್ಪು. ಹೇಳಿ, ತೋರಿಸಿ.

ಭಾಗ 4/9

ಹೆಸರಿನ ಕೊನೆಯಲ್ಲಿ "ಪ್ರಿಲ್" ಇದ್ಯಾ? ಎನಾಲಾಪ್ರಿಲ್, ರಾಮಿಪ್ರಿಲ್. "ಸಾರ್ಟಾನ್" ಇದ್ಯಾ? ಲೊಸಾರ್ಟಾನ್, ಟೆಲ್ಮಿಸಾರ್ಟಾನ್. ಇವೆರಡೂ ಅಣ್ಣ-ತಮ್ಮ ಇದ್ದ ಹಾಗೆ.

ಇವುಗಳ ಕಥೆ ಶುರುವಾಗಿದ್ದು ಹಾವಿನ ವಿಷದಿಂದ. ಬ್ರೆಜಿಲ್‌ನಲ್ಲಿ ಜರಾರಾಕಾ ಅನ್ನೋ ಮಂಡಲದ ಜಾತಿಯ ಹಾವಿದೆ. ಕಚ್ಚಿದ್ರೆ ಬಿಪಿ ಧಡಾರ್ ಅಂತ ಇಳಿಯುತ್ತೆ. ಬ್ರೆಜಿಲ್‌ನ ವಿಜ್ಞಾನಿ ಸೆರ್ಜಿಯೋ ಫೆರೇರಾ 1960ರ ದಶಕದಲ್ಲಿ ಆ ವಿಷದ ಅಂಶವನ್ನ ಲಂಡನ್‌ನಲ್ಲಿದ್ದ ಜಾನ್ ವೇನ್ ಅವರ ಲ್ಯಾಬ್‌ಗೆ ತಗೊಂಡು ಹೋದರು. ಅದರ ಮೇಲೆ ನಡೆದ ಕೆಲಸ ನೋಡಿ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಎಲ್ಲ ಪ್ರಿಲ್‌ಗಳಿಗೂ ಅದೇ ಹಿರಿಯಣ್ಣ.

ಕೆಲಸ ಹೀಗೆ: ಕಿಡ್ನಿಗೆ ರಕ್ತ ಕಮ್ಮಿ ಬರ್ತಿದೆ ಅನ್ಸಿದ್ರೆ ಅದು ಒಂದು ಸಂದೇಶ ಕಳಿಸುತ್ತೆ. ಕೈಯಿಂದ ಕೈಗೆ ಹೋಗಿ ಕೊನೆಗೆ "ಆಂಜಿಯೋಟೆನ್ಸಿನ್ 2" ಅನ್ನೋ ವಸ್ತು ತಯಾರಾಗುತ್ತೆ. ಅದು ನಾಳಗಳನ್ನ ಬಿಗಿ ಮಾಡುತ್ತೆ, ಉಪ್ಪು-ನೀರನ್ನ ಹಿಡಿದಿಟ್ಕೊಳ್ಳೋ ಹಾಗೆ ಮಾಡುತ್ತೆ. ಪ್ರಿಲ್ ಆ ವಸ್ತು ತಯಾರಾಗೋದನ್ನೇ ತಡೆಯುತ್ತೆ. ಸಾರ್ಟಾನ್ ಅದು ತಯಾರಾದ್ರೂ ನಾಳಕ್ಕೆ ತಾಗದ ಹಾಗೆ ತಡೆಯುತ್ತೆ.

ಪ್ರಿಲ್‌ಗಳ ಅಡ್ಡ ಪರಿಣಾಮ ಒಣಕೆಮ್ಮು. ಆಂಜಿಯೋಟೆನ್ಸಿನ್ 2 ತಯಾರಿಸೋ ಕಿಣ್ವಕ್ಕೆ ಇನ್ನೊಂದು ಕೆಲಸಾನೂ ಇದೆ, ಬ್ರಾಡಿಕೈನಿನ್ ಅನ್ನೋದನ್ನ ಒಡೆದು ಹಾಕೋದು. ಕಿಣ್ವ ರಜೆ ಹಾಕಿದ್ರೆ ಬ್ರಾಡಿಕೈನಿನ್ ಉಳ್ಕೊಂಡು ಗಂಟಲು ಕೆರಳುತ್ತೆ. ಕಫ ಇಲ್ಲ, ಜ್ವರ ಇಲ್ಲ, ರಾತ್ರಿಯೆಲ್ಲ ಕೆಮ್ಮು. ಕಾಫ್ ಸಿರಪ್ ಬಾಟಲಿ ಮೇಲೆ ಬಾಟಲಿ ಕುಡಿದ್ರೂ ಹೋಗಲ್ಲ. ಡಾಕ್ಟರ್ ಪ್ರಿಲ್ ಬಿಡಿಸಿ ಸಾರ್ಟಾನ್ ಕೊಟ್ರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಲ್ಲುತ್ತೆ. ಅಪರೂಪಕ್ಕೆ ತುಟಿ, ನಾಲಿಗೆ, ಮುಖ ಊದ್ಕೊಳ್ಳಬಹುದು. ಅದು ತುರ್ತು. ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇಬ್ಬರಿಗೂ ಸೇರಿ ಒಂದು ಎಚ್ಚರಿಕೆ: ರಕ್ತದಲ್ಲಿ ಪೊಟ್ಯಾಶಿಯಂ ಏರಬಹುದು. ಬಿಪಿಗೆ ಒಳ್ಳೇದು ಅಂತ ತರೋ "ಲೋ ಸೋಡಿಯಂ" ಉಪ್ಪಿನಲ್ಲಿ ಸೋಡಿಯಂ ಬದಲು ಇರೋದು ಪೊಟ್ಯಾಶಿಯಂ. ಎಳನೀರಲ್ಲೂ ಅದು ಚೆನ್ನಾಗೇ ಇದೆ. ಕಿಡ್ನಿ ತೊಂದರೆ ಇರೋರು ಈ ಮಾತ್ರೆ ತಗೊಳ್ತಿದ್ರೆ ಇವೆರಡನ್ನೂ ಡಾಕ್ಟರನ್ನ ಕೇಳಿಯೇ ತಗೋಬೇಕು. ಆಗಾಗ ರಕ್ತ ಪರೀಕ್ಷೆ ಬರೆದುಕೊಡೋದು ದುಡ್ಡು ಮಾಡೋಕೆ ಅಂತ ಅಂದ್ಕೋಬೇಡಿ, ಪೊಟ್ಯಾಶಿಯಂ ಮತ್ತು ಕ್ರಿಯಾಟಿನಿನ್ ನೋಡೋಕೆ.

ಇನ್ನೊಂದು: ಗರ್ಭಿಣಿಯರಿಗೆ ಪ್ರಿಲ್ ಮತ್ತು ಸಾರ್ಟಾನ್ ಕೊಡಲ್ಲ, ಮಗುವಿಗೆ ಅಪಾಯ. ಅಕ್ಕನೋ ಅತ್ತಿಗೆಯೋ ಈ ಮಾತ್ರೆ ತಗೊಳ್ತಿದ್ದು ಮಗುವಿನ ಯೋಚನೆ ಇದ್ರೆ ಮೊದಲೇ ಡಾಕ್ಟರ್ ಹತ್ರ ಮಾತಾಡಬೇಕು.

ಭಾಗ 5/9

ಮೂರನೇ ಗುಂಪು, ಮೂತ್ರ ಹೋಗಿಸೋ ಮಾತ್ರೆ: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್. ಇವು ಕಿಡ್ನಿಗೆ "ಉಪ್ಪನ್ನ ಹೊರಗೆ ಬಿಡು" ಅಂತ ಹೇಳುತ್ವೆ. ಉಪ್ಪು ಹೋದ ಕಡೆ ನೀರೂ ಹೋಗುತ್ತೆ. ಬೆಳಿಗ್ಗೆ ತಗೊಳ್ಳಿ ಅನ್ನೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ರಾತ್ರಿ ತಗೊಂಡ್ರೆ ಅಜ್ಜಿ ಕತ್ತಲಲ್ಲಿ ಮೂರು ಸಲ ಎದ್ದು ಬಾತ್‌ರೂಮ್‌ಗೆ ಹೋಗ್ತಾರೆ, ಬಿದ್ರೆ ಸೊಂಟದ ಮೂಳೆ ಮುರಿಯುತ್ತೆ.

ಅಡ್ಡ ಪರಿಣಾಮ: ಪೊಟ್ಯಾಶಿಯಂ ಇಳಿದು ಕಾಲು ಹಿಡ್ಕೊಳ್ಳೋದು, ಯೂರಿಕ್ ಆಸಿಡ್ ಏರಿ ಹೆಬ್ಬೆರಳು ನೋಯೋದು, ಶುಗರ್ ಸ್ವಲ್ಪ ಏರೋದು. ವಯಸ್ಸಾದವರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಸೋಡಿಯಂ ಇಳಿಯೋದು. ತಾತ ಇದ್ದಕ್ಕಿದ್ದ ಹಾಗೆ ಮಂಕಾದ್ರೆ, ಏನೇನೋ ಮಾತಾಡಿದ್ರೆ "ವಯಸ್ಸಾಯ್ತು" ಅಂತ ಬಿಡಬೇಡಿ. ಮಾತ್ರೆ ಸ್ಟ್ರಿಪ್ ತಗೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗಿ. ವಾಂತಿ-ಭೇದಿ ಆದ ದಿನಾನೂ ಅಷ್ಟೇ. ಮೈಯಲ್ಲಿ ಮೊದಲೇ ನೀರಿಲ್ಲ, ಈ ಮಾತ್ರೆ ಮುಂದುವರಿಸಬೇಕಾ ಅಂತ ಅವತ್ತೇ ಫೋನ್ ಮಾಡಿ ಕೇಳಬೇಕು.

ನಾಲ್ಕನೇದು "ಒಲಾಲ್" ಗುಂಪು: ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್. ಹೆದರಿಕೆ ಆದಾಗ ಎದೆ ಹೊಡ್ಕೊಳ್ಳೋದು ಅಡ್ರಿನಲಿನ್‌ನಿಂದ. ಈ ಮಾತ್ರೆ ಹೃದಯದಲ್ಲಿ ಅಡ್ರಿನಲಿನ್ ಕೂರೋ ಸೀಟನ್ನ ಮೊದಲೇ ಹಿಡಿದು ಕೂತ್ಕೊಳ್ಳುತ್ತೆ. ಬಡಿತ ನಿಧಾನ ಆಗುತ್ತೆ, ಹೃದಯದ ಕೆಲಸ ಹಗುರ ಆಗುತ್ತೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ತಂದರು. ಅವರಿಗೆ 1988ರಲ್ಲಿ ನೊಬೆಲ್ ಬಂತು.

ಇದರ ಖರ್ಚು: ಸುಸ್ತು, ಕೈಕಾಲು ತಣ್ಣಗಾಗೋದು, ನಾಡಿ ತುಂಬಾ ನಿಧಾನ ಆಗೋದು. ಆಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. ಶುಗರ್ ಇಳಿದಾಗ ಎದೆ ಹೊಡ್ಕೊಂಡು ಕೈ ನಡುಗಿ ಗೊತ್ತಾಗುತ್ತಲ್ಲ, ಆ ಸೂಚನೆಯನ್ನ ಈ ಮಾತ್ರೆ ಮುಚ್ಚಿಬಿಡಬಹುದು. ಬೆವರು ಮಾತ್ರ ಬರುತ್ತೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಇದನ್ನ ತಿಳ್ಕೊಂಡಿರಬೇಕು.

ಈ ಗುಂಪನ್ನ ಮಾತ್ರ ಒಂದೇ ದಿನಕ್ಕೆ ನಿಲ್ಲಿಸಲೇಬಾರದು. ಇಷ್ಟು ದಿನ ಸೀಟು ಸಿಗದೆ ಇದ್ದ ಅಡ್ರಿನಲಿನ್ ಒಮ್ಮೆಲೇ ನುಗ್ಗುತ್ತೆ. ಎದೆನೋವು, ಹಾರ್ಟ್ ಅಟ್ಯಾಕ್ ತನಕ ಹೋಗಬಹುದು. ಡಾಕ್ಟರ್ ನಿಲ್ಲಿಸೋದಾದ್ರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ತಾರೆ.

ನಮ್ಮ ವಯಸ್ಸಿನವರಿಗೆ ಒಂದು ಮಾತು. ವೈವಾ ಭಯಕ್ಕೆ, ಸ್ಟೇಜ್ ಭಯಕ್ಕೆ ಇದೇ ಮಾತ್ರೆಯನ್ನ ಯಾರದ್ದೋ ಸ್ಟ್ರಿಪ್‌ನಿಂದ ಹರ್ಕೊಂಡು ನುಂಗೋದು ಬೇಡ. ನಿಮಗೆ ಆಸ್ತಮಾ ಇದೆಯಾ, ನಾಡಿ ಮೊದಲೇ ನಿಧಾನ ಇದೆಯಾ ಅಂತ ಆ ಸ್ಟ್ರಿಪ್‌ಗೆ ಗೊತ್ತಿಲ್ಲ.

ಭಾಗ 6/9

ಬಿಪಿ ಜೊತೆ ಹೃದಯದ್ದೂ ಇದ್ರೆ ಡಬ್ಬಿಯಲ್ಲಿ ಇನ್ನೂ ಮೂರ್ನಾಲ್ಕು ಹೆಸರು ಇರುತ್ವೆ.

ಆಸ್ಪಿರಿನ್ 75: ಹೃದಯದವರಿಗೆ ಕೊಡೋದು ಈ ಸಣ್ಣ ಡೋಸ್. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದ ಹಾಗೆ ಮಾಡುತ್ತೆ. ಆ ಪ್ಲೇಟ್‌ಲೆಟ್ ಬದುಕಿರೋ ಅಷ್ಟು ದಿನ, ಅಂದ್ರೆ ಒಂದು ವಾರದಿಂದ ಹತ್ತು ದಿನ, ಆ ಪರಿಣಾಮ ಹೋಗಲ್ಲ. ಖರ್ಚು ಏನು? ಹೊಟ್ಟೆ ಉರಿ, ಹುಣ್ಣು, ರಕ್ತಸ್ರಾವ. ಮಲ ಟಾರ್ ಹಾಗೆ ಕಪ್ಪಗೆ ಹೋದ್ರೆ ತಕ್ಷಣ ತೋರಿಸಬೇಕು. ಅದಕ್ಕೇ ಹೃದಯದ ತೊಂದರೆ ಇಲ್ಲದ ಆರೋಗ್ಯವಂತರು "ಸೇಫ್ಟಿಗೆ ಇರಲಿ" ಅಂತ ದಿನಾ ಒಂದು ಆಸ್ಪಿರಿನ್ ನುಂಗೋದು ಸರಿಯಲ್ಲ. ಅಲ್ಲಿ ಲಾಭಕ್ಕಿಂತ ಖರ್ಚೇ ಜಾಸ್ತಿ ಆಗಬಹುದು. ಲೆಕ್ಕ ಎರಡೂ ಕಡೆ ನೋಡಬೇಕು ಅನ್ನೋದು ಇದಕ್ಕೇ.

ಕ್ಲೋಪಿಡೊಗ್ರೆಲ್: ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಜೊತೆ ಕೊಡ್ತಾರೆ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಅಪಾಯ. "ಹಲ್ಲು ಕೀಳಿಸಬೇಕು, ರಕ್ತ ನಿಲ್ಲಲ್ಲ" ಅಂತ ತಾವೇ ನಿಲ್ಲಿಸೋರು ಇದ್ದಾರೆ. ಹಲ್ಲಿನ ಡಾಕ್ಟರ್ ಮತ್ತು ಹೃದಯದ ಡಾಕ್ಟರ್ ಇಬ್ಬರನ್ನೂ ಕೇಳದೆ ನಿಲ್ಲಿಸಬಾರದು.

ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್: ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗೋದನ್ನ ಕಮ್ಮಿ ಮಾಡುತ್ವೆ. ಈ ಜಾತಿಯ ಮೊದಲ ವಸ್ತುವನ್ನ ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ತೆಗೆದರು. ಖರ್ಚು: ಕೆಲವರಿಗೆ ಮೈಕೈ ನೋವು, ಶುಗರ್ ಸ್ವಲ್ಪ ಏರೋದು. ತುಂಬಾ ಅಪರೂಪಕ್ಕೆ ಸ್ನಾಯು ಹಾಳಾಗಿ ಮೂತ್ರ ಕಡುಬಣ್ಣಕ್ಕೆ ತಿರುಗುತ್ತೆ, ಆಗ ತಡ ಮಾಡಬಾರದು.

ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್: ಎದೆನೋವು ಇದ್ದವರ ಪರ್ಸ್‌ನಲ್ಲಿ ಇರುತ್ತೆ. ನಾಳ ಬೇಗ ಸಡಿಲ ಮಾಡುತ್ತೆ. ತಲೆಯ ನಾಳಗಳೂ ಸಡಿಲ ಆಗೋದ್ರಿಂದ ತಲೆ ಸಿಡಿಯೋ ಹಾಗೆ ನೋಯುತ್ತೆ. ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು, ಹಾಗಾಗಿ ಕೂತ್ಕೊಂಡೇ ಇಡಬೇಕು. ವಯಾಗ್ರ ಥರದ ಮಾತ್ರೆ ತಗೊಂಡಿದ್ರೆ ಇದನ್ನ ಇಡಲೇಬಾರದು, ಬಿಪಿ ಪಾತಾಳಕ್ಕೆ ಇಳಿಯುತ್ತೆ. ನಾಚಿಕೆಗೆ ಯಾರೂ ಹೇಳದ ವಿಷಯ ಇದು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಭಾಗ 7/9

ಈಗ ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. "ಇಷ್ಟೆಲ್ಲ ಅಡ್ಡ ಪರಿಣಾಮ ಹೇಳಿದ್ರೆ ಜನ ಹೆದರಿ ಮಾತ್ರೆನೇ ಮುಟ್ಟಲ್ಲ. ಸುಮ್ನೆ ನುಂಗು ಅನ್ನೋದೇ ಒಳ್ಳೇದು." ತುಂಬಾ ಮನೆಗಳಲ್ಲಿ ನಡೀತಿರೋದು ಇದೇ. ಈ ಆಕ್ಷೇಪ ಪೂರ್ತಿ ಸುಳ್ಳೂ ಅಲ್ಲ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು "ಸ್ಯಾಮ್ಸನ್" ಅನ್ನೋ ಒಂದು ಪ್ರಯೋಗ ಮಾಡಿದರು, 2020ರಲ್ಲಿ ಪ್ರಕಟ ಆಯ್ತು. ಅಡ್ಡ ಪರಿಣಾಮ ತಡೀಲಾರದೆ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನ ಕರೆದು ಒಬ್ಬೊಬ್ಬರಿಗೂ 12 ಬಾಟಲಿ ಕೊಟ್ಟರು, ತಿಂಗಳಿಗೆ ಒಂದು. ನಾಲ್ಕರಲ್ಲಿ ನಿಜವಾದ ಸ್ಟಾಟಿನ್, ನಾಲ್ಕರಲ್ಲಿ ಔಷಧಿಯೇ ಇಲ್ಲದ ಡಮ್ಮಿ ಮಾತ್ರೆ, ನಾಲ್ಕು ಖಾಲಿ. ಯಾವುದು ನಿಜ ಯಾವುದು ಡಮ್ಮಿ ಅಂತ ಹೇಳಲಿಲ್ಲ. ದಿನಾ ಎಷ್ಟು ತೊಂದರೆ ಆಯ್ತು ಅಂತ ಅವರೇ ಫೋನಲ್ಲಿ ಅಂಕ ಹಾಕಬೇಕು.

ಏನಾಯ್ತು? ಖಾಲಿ ತಿಂಗಳಿಗಿಂತ ಸ್ಟಾಟಿನ್ ತಿಂಗಳಲ್ಲಿ ತೊಂದರೆ ಜಾಸ್ತಿ ಇತ್ತು, ನಿಜ. ಆದ್ರೆ ಡಮ್ಮಿ ತಿಂಗಳಲ್ಲೂ ಹತ್ತಿರ ಹತ್ತಿರ ಅಷ್ಟೇ ಇತ್ತು. ಸ್ಟಾಟಿನ್‌ನಿಂದ ಆಯ್ತು ಅಂತ ಅಂದ್ಕೊಂಡಿದ್ದ ತೊಂದರೆಯ 90 ಪರ್ಸೆಂಟ್ ಡಮ್ಮಿ ಮಾತ್ರೆಯಿಂದಲೂ ಬಂತು. ಅಂದ್ರೆ ಅವರು ನಾಟಕ ಮಾಡಿದ್ರು ಅಂತ ಅಲ್ಲ. ನೋವು ನಿಜವಾಗಿಯೂ ಆಗಿತ್ತು. ಆದ್ರೆ ಅದನ್ನ ತಂದಿದ್ದು ಮಾತ್ರೆಯೊಳಗಿನ ಔಷಧಿಗಿಂತ ಮಾತ್ರೆ ನುಂಗಿದ್ದೀನಿ ಅನ್ನೋ ಭಯ.

ಹಾಗಾದ್ರೆ ಹೇಳದೇ ಇರೋದೇ ಸರೀನಾ? ನನಗೆ ಇದರ ನಂತರ ನಡೆದಿದ್ದು ಮುಖ್ಯ ಅನ್ಸುತ್ತೆ. ಪ್ರಯೋಗ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅವರದೇ ಅಂಕಗಳ ಲೆಕ್ಕ ತೋರಿಸಿದರು. ಆಮೇಲೆ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು. ಅವರ ಮನಸ್ಸು ಬದಲಾಗಿದ್ದು ಬೈಗುಳದಿಂದಲ್ಲ, ಮುಚ್ಚಿಟ್ಟಿದ್ದರಿಂದಲೂ ಅಲ್ಲ. ಲೆಕ್ಕ ತೋರಿಸಿದ್ದರಿಂದ.

ಮುಚ್ಚಿಟ್ರೆ ಏನಾಗುತ್ತೆ ನೋಡಿ. ನಾವು ಹೇಳಲ್ಲ, ಆದ್ರೆ ಪಕ್ಕದ ಮನೆ ಆಂಟಿ ಹೇಳ್ತಾರೆ, ವಾಟ್ಸಾಪ್ ಫಾರ್ವರ್ಡ್ ಹೇಳುತ್ತೆ, ರೀಲ್ಸ್ ಹೇಳುತ್ತೆ. ಅಲ್ಲಿ ಅರ್ಧ ಮಾತ್ರ ಇರುತ್ತೆ: "ಬಿಪಿ ಮಾತ್ರೆ ಕಿಡ್ನಿ ತಿನ್ನುತ್ತೆ." ಕಿಡ್ನಿ ತಿನ್ನೋದು ಹತೋಟಿಗೆ ಬಾರದ ಬಿಪಿ ಅನ್ನೋ ಇನ್ನರ್ಧ ಇರಲ್ಲ. ಅದಕ್ಕೇ ಹೇಳೋ ರೀತಿ ಮುಖ್ಯ. ಬರೀ "ಕೆಮ್ಮು ಬರುತ್ತೆ" ಅಂದ್ರೆ ಭಯ. "ಕೆಮ್ಮು ಬಂದ್ರೆ ಹೇಳಿ, ಬೇರೆ ಮಾತ್ರೆ ಇದೆ" ಅಂದ್ರೆ ಧೈರ್ಯ.

ಭಾಗ 8/9

"ನ್ಯಾಚುರಲ್ ತಗೊಂಡ್ರೆ ಸೈಡ್ ಎಫೆಕ್ಟ್ ಇಲ್ಲ." ಇದು ನಮ್ಮ ಕಡೆ ಸಿಕ್ಕಾಪಟ್ಟೆ ಓಡೋ ಡೈಲಾಗ್.

ನಮ್ಮದೇ ದೇಶದ ಉದಾಹರಣೆ ತಗೊಳ್ಳಿ. ಸರ್ಪಗಂಧ ಗಿಡ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಅದರ ಬೇರನ್ನ ನಾಟಿ ವೈದ್ಯದಲ್ಲಿ, ಆಯುರ್ವೇದದಲ್ಲಿ ಬಹಳ ಕಾಲದಿಂದ ಬಳಸ್ತಿದ್ದರು. ಮುಂಬೈನ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಬಿಪಿ ರೋಗಿಗಳಿಗೆ ಅದನ್ನ ಕೊಟ್ಟು ನೋಡಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಇಡೀ ಜಗತ್ತು ತಿರುಗಿ ನೋಡಿತು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಅನ್ನೋ ಅಂಶ ಬೇರ್ಪಡಿಸಿದರು. ಆಗಿನ ಕಾಲಕ್ಕೆ ಅದು ದೊಡ್ಡ ಬಿಪಿ ಔಷಧಿ.

ಹೆಮ್ಮೆ ಪಡೋಣ. ಜೊತೆಗೆ ಇದನ್ನೂ ನೆನಪಿಡೋಣ: ಆ ಔಷಧಿಗೂ ಅಡ್ಡ ಪರಿಣಾಮ ಇತ್ತು. ಮೂಗು ಕಟ್ಟೋದು, ನಿದ್ದೆ ಮಂಪರು, ಜಾಸ್ತಿ ಡೋಸ್ ತಗೊಂಡ ಕೆಲವರಿಗೆ ಖಿನ್ನತೆ. ಒಳ್ಳೇ ಮಾತ್ರೆಗಳು ಬಂದ ಮೇಲೆ ಅದರ ಬಳಕೆ ತುಂಬಾ ಕಮ್ಮಿ ಆಯ್ತು. ಬೇರಿನಿಂದ ಬಂದ್ರೂ, ಹಾವಿನ ವಿಷದಿಂದ ಬಂದ್ರೂ, ಬೂಷ್ಟಿನಿಂದ ಬಂದ್ರೂ ಪರಿಣಾಮ ಇರೋ ವಸ್ತುವಿಗೆ ಅಡ್ಡ ಪರಿಣಾಮಾನೂ ಇದ್ದೇ ಇರುತ್ತೆ.

ಹಾಗಂತ ಮನೆಮದ್ದೆಲ್ಲ ವೇಸ್ಟ್ ಅಂತ ಅಲ್ಲ. ಉಪ್ಪು ಕಮ್ಮಿ ಮಾಡಿದ್ರೆ ಬಿಪಿ ನಿಜವಾಗಿಯೂ ಇಳಿಯುತ್ತೆ. ಡಬ್ಲ್ಯೂಎಚ್‌ಒ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ, ಎಲ್ಲ ಇದರೊಳಗೇ ಬರಬೇಕು. ನಡೆಯೋದು, ತೂಕ ಇಳಿಸೋದು, ಕುಡಿತ ಬಿಡೋದು, ಇವುಗಳಿಂದ ಕೆಲವರಿಗೆ ಡಾಕ್ಟರೇ ಮಾತ್ರೆ ಕಮ್ಮಿ ಮಾಡ್ತಾರೆ. ನೆನಪಿಡಿ, ಡಾಕ್ಟರ್ ಕಮ್ಮಿ ಮಾಡ್ತಾರೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಚೀಟಿ ಇಲ್ಲದೆ ತರೋ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸಬಹುದು. ಪ್ರಿಲ್ ಅಥವಾ ಸಾರ್ಟಾನ್, ಮೂತ್ರ ಹೋಗಿಸೋ ಮಾತ್ರೆ, ಮೇಲಿಂದ ಈ ನೋವಿನ ಮಾತ್ರೆ, ಮೂರೂ ಸೇರಿದ್ರೆ ಕಿಡ್ನಿಗೆ ನಿಜವಾದ ಹೊಡೆತ. ಮೂಗು ಕಟ್ಟಿದಾಗ ತಗೊಳ್ಳೋ ಕೆಲವು ಶೀತದ ಮಾತ್ರೆಗಳೂ ಬಿಪಿ ಏರಿಸುತ್ವೆ. ಅಪ್ಪ "ಬಿಪಿ ಮಾತ್ರೆಯಿಂದ ಕಿಡ್ನಿ ಹೋಗುತ್ತೆ" ಅಂತ ಬಿಪಿ ಮಾತ್ರೆ ಬಿಟ್ಟು ನೋವಿನ ಮಾತ್ರೆ ಮುಂದುವರಿಸಿದ್ರೆ ಲೆಕ್ಕ ಪೂರ್ತಿ ಉಲ್ಟಾ.

ಭಾಗ 9/9

2025ರ ಜೂನ್-ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ ನೆನಪಿದ್ಯಾ? ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ಭಯ ಆದ ದಿನ ನಾವು ಆಸ್ಪತ್ರೆಗೆ ಓಡ್ತೀವಿ. ಭಯ ಇಲ್ಲದ ದಿನ ಮನೆಯಲ್ಲಿರೋ ಮಾತ್ರೆ ಮರೀತೀವಿ. ನನಗೆ ಅನ್ಸೋದು, ಹೃದಯ ಉಳಿಯೋದು ಜಾಸ್ತಿ ಮಟ್ಟಿಗೆ ಆ ಬೇಜಾರಿನ, ಸುದ್ದಿಯಾಗದ, ದಿನನಿತ್ಯದ ಮಾತ್ರೆಯಿಂದ.

ಈ ಭಾನುವಾರ ಅರ್ಧ ಗಂಟೆ ಕೊಡಿ. ಇಷ್ಟು ಮಾಡಿ:

ಒಂದು. ಮನೆಯ ಎಲ್ಲ ಸ್ಟ್ರಿಪ್‌ಗಳ ಹಿಂಭಾಗ ಫೋಟೋ ತೆಗೀರಿ. ಕಂಪನಿ ಹೆಸರಲ್ಲ, ಔಷಧಿ ಹೆಸರು ಬರ್ಕೊಳ್ಳಿ. ಇಬ್ಬರು ಡಾಕ್ಟರ್ ಎರಡು ಕಂಪನಿ ಹೆಸರಲ್ಲಿ ಒಂದೇ ಔಷಧಿ ಬರೆದಿರಬಹುದು. ಮನೆಯವರು ಡಬಲ್ ನುಂಗ್ತಿರಬಹುದು. ಹಾಗೇನಾದ್ರೂ ಕಂಡ್ರೆ ಡಾಕ್ಟರಿಗೆ ತೋರಿಸಿ.

ಎರಡು. ಒಂದು ನೋಟ್‌ಬುಕ್ ಇಡಿ. ಎಡಗಡೆ ಬಿಪಿ ರೀಡಿಂಗ್, ಬಲಗಡೆ ತೊಂದರೆ ಏನಾದ್ರೂ ಇದ್ರೆ ಅದು. ಅಳೆಯೋ ಮುಂಚೆ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ನೆ ಕೂರಿಸಿ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಸಿಗರೇಟ್ ಬೇಡ. ಪಟ್ಟಿ ಬರಿ ತೋಳಿಗೆ, ಹೃದಯದ ಮಟ್ಟಕ್ಕೆ ಇರಬೇಕು. ಅಳೆಯುವಾಗ ಮಾತಾಡಬಾರದು. ನಾನು ಹೇಳಿದ ಲಾಭದ ಕಡೆ ಎಂಟ್ರಿ ಕಣ್ಣಿಗೆ ಕಾಣೋದು ಈ ಎಡಗಡೆ ಪುಟದಲ್ಲೇ. 160 ಇದ್ದಿದ್ದು 130 ಆಗಿರೋದನ್ನ ಅಜ್ಜಿ ಕಣ್ಣಾರೆ ನೋಡಿದ್ರೆ "ಮಾತ್ರೆ ಏನೂ ಮಾಡಲ್ಲ" ಅನ್ನಲ್ಲ. 130 ಬಂದಿದ್ದು ಮಾತ್ರೆ ಕೆಲಸ ಮಾಡ್ತಿರೋದಕ್ಕೆ, ಮಾತ್ರೆ ಬೇಡ ಅನ್ನೋದಕ್ಕೆ ಅಲ್ಲ ಅಂತಾನೂ ಆಗಲೇ ಹೇಳಿ.

ಮೂರು. ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ನೀವೂ ಜೊತೆಗೆ ಹೋಗಿ. ಮೂರೇ ಪ್ರಶ್ನೆ ಕೇಳಿ: ಈ ಮಾತ್ರೆ ಏನು ಮಾಡುತ್ತೆ? ಇದರಿಂದ ಏನು ತೊಂದರೆ ಬರಬಹುದು? ಬಂದ್ರೆ ಏನು ಮಾಡಬೇಕು? ಕ್ಯೂ ಉದ್ದ ಇರುತ್ತೆ, ಡಾಕ್ಟರಿಗೆ ಟೈಮ್ ಇರಲ್ಲ, ಒಪ್ತೀನಿ. ಪ್ರಶ್ನೆ ಬರ್ಕೊಂಡು ಹೋದ್ರೆ ಎರಡು ನಿಮಿಷದಲ್ಲಿ ಮುಗಿಯುತ್ತೆ.

ನಾಲ್ಕು. ದುಡ್ಡಿನ ಕಾರಣಕ್ಕೆ ನಿಲ್ಲಿಸ್ತಿದ್ರೆ ಅದನ್ನೂ ಬಾಯಿಬಿಟ್ಟು ಹೇಳಿ. ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿಗಳು ಕಂಪನಿ ಹೆಸರಿಲ್ಲದೆ ತುಂಬಾ ಕಮ್ಮಿ ಬೆಲೆಗೆ ಸಿಗುತ್ವೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮಾತ್ರೆ ಉಚಿತವಾಗಿ ಕೊಡ್ತಾರೆ. ಕರ್ನಾಟಕದ "ಗೃಹ ಆರೋಗ್ಯ" ಯೋಜನೆ ಮನೆ ಬಾಗಿಲಿಗೇ ಬಂದು ಬಿಪಿ-ಶುಗರ್ ನೋಡೋಕೆ ಅಂತಾನೇ ಇರೋದು. ನಿಮ್ಮೂರ ಆಶಾ ಕಾರ್ಯಕರ್ತೆಯನ್ನ ಕೇಳಿ.

ಐದು. ನಿಮ್ಮದೂ ಒಂದು ಸಲ ಚೆಕ್ ಮಾಡಿಸ್ಕೊಳ್ಳಿ.

ಡೋಸ್ ಎಷ್ಟು, ಯಾವ ಮಾತ್ರೆ ಅಂತ ನನ್ನನ್ನ ಡಿಎಂನಲ್ಲಿ ಕೇಳಬೇಡಿ. ನಾನು ಹೇಳಲ್ಲ, ಹೇಳಬಾರದು. ನನ್ನ ಕೈಲಿ ಆಗೋದು ಬಾಗಿಲು ತೋರಿಸೋದು ಅಷ್ಟೇ.

ದೊಡ್ಡವರು ನಮಗೆ ಎಷ್ಟೋ ವರ್ಷ ಫೀಸ್ ಕಟ್ಟಿ ಓದಿಸಿದ್ದಾರೆ. ಆ ಓದಿನಲ್ಲಿ ಒಂದು ಸ್ಟ್ರಿಪ್‌ನ ಹಿಂಭಾಗ ಅವರಿಗೆ ಓದಿ ಹೇಳಿ. ನಿಮ್ಮ ಮನೇಲಿ ಯಾರು ಮಾತ್ರೆ ನಿಲ್ಲಿಸಿದ್ರು, ಯಾಕೆ ನಿಲ್ಲಿಸಿದ್ರು, ಹೆಸರು ಬೇಡ, ಕಾರಣ ಮಾತ್ರ ಕಾಮೆಂಟ್‌ನಲ್ಲಿ ಬರೀರಿ.

#ಬಿಪಿಮಾತ್ರೆ #ಹೃದಯದಲೆಕ್ಕ #ಸ್ಟ್ರಿಪ್‌ಓದಿ #ಕನ್ನಡದಲ್ಲಿಆರೋಗ್ಯ